ಆಸ್ಟ್ರೇಲಿಯಾಕ್ಕೆ ಕ್ರಿಕೆಟ್ ನೋಡಲು ಹೊರಟವರಿಗೆ: ವೀಸಾದಿಂದ ಸ್ಟ್ಯಾಂಡ್‌ವರೆಗೆ ಗೊತ್ತಿರಬೇಕಾದ ಕಾನೂನು

ಮೆಲ್ಬರ್ನ್‌ನ ಬಾಕ್ಸಿಂಗ್ ಡೇ ಟೆಸ್ಟ್, ಸಿಡ್ನಿಯ ಹೊಸ ವರ್ಷದ ಟೆಸ್ಟ್, ಅಡಿಲೇಡ್‌ನ ಹಗಲು-ರಾತ್ರಿ ಪಂದ್ಯ. ಭಾರತ ತಂಡ ಅಲ್ಲಿಗೆ ಹೋದಾಗಲೆಲ್ಲ ಸಾವಿರಾರು ಅಭಿಮಾನಿಗಳು ಹಿಂದೆಯೇ ಹೋಗುತ್ತಾರೆ. ಅವರಲ್ಲಿ ತೊಂದರೆಗೆ ಸಿಕ್ಕಿಕೊಳ್ಳುವವರು ಬಹುಪಾಲು ಕೆಟ್ಟ ಉದ್ದೇಶದವರಲ್ಲ. ಬ್ಯಾಗಿನಲ್ಲಿದ್ದ ಪೇಡದ ಡಬ್ಬಿಯನ್ನು ಹೇಳದೆ ಬಿಟ್ಟವರು, ಪರ್ಸಿನಲ್ಲಿ ಪೆಪ್ಪರ್ ಸ್ಪ್ರೇ ಇಟ್ಟುಕೊಂಡವರು, ಉಳಿದ ಒಂದು ಟಿಕೆಟನ್ನು ಎರಡರಷ್ಟು ಬೆಲೆಗೆ ಮಾರಲು ಹೋದವರು. ಇವೆಲ್ಲವನ್ನೂ ಹೊರಡುವ ಮುಂಚೆಯೇ ತಪ್ಪಿಸಬಹುದು.

ಮೊದಲು ಒಂದು ವಿಷಯ ತಲೆಯಲ್ಲಿರಲಿ. ಅಲ್ಲಿ ನಿಮ್ಮ ಮೇಲೆ ಮೂರು ಬಗೆಯ ನಿಯಮಗಳು ಒಟ್ಟಿಗೇ ಅನ್ವಯಿಸುತ್ತವೆ. ವೀಸಾ, ಕಸ್ಟಮ್ಸ್, ಜೈವಿಕ ಸುರಕ್ಷತೆ ಒಕ್ಕೂಟ ಸರ್ಕಾರದ್ದು. ರಸ್ತೆ, ಮದ್ಯ, ಸಿಗರೇಟು, ಟಿಕೆಟ್ ಮರುಮಾರಾಟ, ಮೈದಾನದೊಳಗಿನ ಅಪರಾಧಗಳು ರಾಜ್ಯದ್ದು. ವಿಕ್ಟೋರಿಯಾದಲ್ಲಿ ಇರುವುದು ನ್ಯೂ ಸೌತ್ ವೇಲ್ಸ್‌ನಲ್ಲಿ ಇರಬೇಕೆಂದಿಲ್ಲ. ಮೂರನೆಯದು ಕ್ರೀಡಾಂಗಣದ ಪ್ರವೇಶ ಷರತ್ತು. ಷರತ್ತು ಮುರಿದರೆ ಹೊರಗೆ ಕಳಿಸುತ್ತಾರೆ, ರಾಜ್ಯದ ಕಾನೂನು ಮುರಿದರೆ ದಂಡ ಅಥವಾ ಕೋರ್ಟು, ಒಕ್ಕೂಟದ ಕಾನೂನು ಮುರಿದರೆ ವೀಸಾವೇ ಹೋಗಬಹುದು. ರಾಜ್ಯದ ಕೇಸು ಕೂಡ ವೀಸಾವನ್ನು ತಟ್ಟುವುದುಂಟು: ಸಾರ್ವಜನಿಕ ಸುರಕ್ಷತೆಗೆ ಅಪಾಯ ಎನಿಸಿದರೆ ಅಪರಾಧ ಸಾಬೀತಾಗುವ ಮೊದಲೇ ತಾತ್ಕಾಲಿಕ ವೀಸಾ ರದ್ದು ಮಾಡುವ ಅಧಿಕಾರ ವಲಸೆ ಇಲಾಖೆಗಿದೆ.

ದಂಡದ ಮೊತ್ತದ ಬಗ್ಗೆಯೂ ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಅಲ್ಲಿನ ಕಾನೂನುಗಳು ದಂಡವನ್ನು ಹೆಚ್ಚಾಗಿ ಡಾಲರಿನಲ್ಲಿ ಬರೆಯುವುದಿಲ್ಲ, ‘ಪೆನಾಲ್ಟಿ ಯೂನಿಟ್’ ಲೆಕ್ಕದಲ್ಲಿ, ಅಂದರೆ ಈ ತಪ್ಪಿಗೆ ಇಷ್ಟು ಯೂನಿಟ್ ಎಂದು ಬರೆಯುತ್ತವೆ; ಒಂದು ಯೂನಿಟ್‌ನ ಬೆಲೆಯಿಂದ ಗುಣಿಸಿದರೆ ದಂಡ ಸಿಗುತ್ತದೆ. ಒಕ್ಕೂಟದ ಯೂನಿಟ್ 2024ರ ನವೆಂಬರ್‌ನಲ್ಲಿ 330 ಡಾಲರಿಗೆ ಏರಿತು. ನ್ಯೂ ಸೌತ್ ವೇಲ್ಸ್‌ನದು 110 ಡಾಲರ್. ವಿಕ್ಟೋರಿಯಾದ್ದು ವರ್ಷ ವರ್ಷ ಬದಲಾಗುತ್ತದೆ. ಹಳೆಯ ಲೇಖನಗಳಲ್ಲಿ ಕಾಣುವ ಮೊತ್ತವನ್ನು ನಂಬಬೇಡಿ, ಆಯಾ ಸರ್ಕಾರಿ ತಾಣದಲ್ಲೇ ನೋಡಿ.

ಹಂತ 1: ವೀಸಾದ ಷರತ್ತುಗಳನ್ನು ಓದಿ

ಭಾರತೀಯ ಪಾಸ್‌ಪೋರ್ಟಿನವರು ಪ್ರವಾಸಕ್ಕೆ ಸಾಮಾನ್ಯವಾಗಿ ಪಡೆಯುವುದು ಸಬ್‌ಕ್ಲಾಸ್ 600 ವೀಸಾ. ಮಂಜೂರಾತಿ ಪತ್ರದಲ್ಲಿ ನಾಲ್ಕಂಕಿಯ ಷರತ್ತು ಸಂಖ್ಯೆಗಳಿರುತ್ತವೆ. 8101 ಎಂದರೆ ಕೆಲಸ ಮಾಡುವಂತಿಲ್ಲ. 8201 ಎಂದರೆ ಮೂರು ತಿಂಗಳಿಗಿಂತ ಹೆಚ್ಚು ಓದುವಂತಿಲ್ಲ. 8503 ಇದ್ದರೆ ಅಲ್ಲಿದ್ದುಕೊಂಡೇ ಬೇರೆ ವೀಸಾಗೆ ಅರ್ಜಿ ಹಾಕಲು ಬಹುತೇಕ ಆಗುವುದಿಲ್ಲ. ಪಂದ್ಯದ ದಿನ ಸ್ಟಾಲಿನಲ್ಲಿ ಕೂಲಿಗೆ ನಿಲ್ಲುವುದು, ಹಣ ಪಡೆದು ಫೋಟೊ ತೆಗೆದುಕೊಡುವುದು ಎಲ್ಲವೂ ಕೆಲಸವೇ.

ಮೋಸ ಹೋಗುವುದು ದಿನಾಂಕದ ಲೆಕ್ಕದಲ್ಲಿ. ವೀಸಾ ಒಂದು ವರ್ಷಕ್ಕಿದ್ದರೂ ಪ್ರತಿ ಸಲ ಒಳಬಂದಾಗ ಇರಬಹುದಾದ ಅವಧಿ ಮೂರೇ ತಿಂಗಳು ಇರಬಹುದು. ಇಡೀ ಸರಣಿ ನೋಡಿ ನೆಂಟರ ಮನೆಯಲ್ಲಿ ಉಳಿಯುವವರು ‘ವೇವೋ’ ಎಂಬ ಸರ್ಕಾರಿ ಆನ್‌ಲೈನ್ ಸೇವೆಯಲ್ಲಿ ತಮ್ಮ ಕೊನೆಯ ದಿನಾಂಕ ನೋಡಿಕೊಳ್ಳಲಿ. ಸರಣಿಯ ನಡುವೆ ನ್ಯೂಜಿಲೆಂಡ್‌ಗೆ ಹೋಗಿ ಬರುವ ಆಲೋಚನೆಯಿದ್ದರೆ ವೀಸಾ ಬಹುಪ್ರವೇಶದ್ದೇ ಎಂದು ಖಚಿತಪಡಿಸಿಕೊಳ್ಳಿ.

ಹಂತ 2: ಟಿಕೆಟ್ ಕೊಳ್ಳುವಾಗ, ಮಾರುವಾಗ

ಟಿಕೆಟ್ ಮರುಮಾರಾಟಕ್ಕೆ ಅಲ್ಲಿ ಶೇಕಡಾ 10ರ ಗೆರೆಯಿದೆ. ನ್ಯೂ ಸೌತ್ ವೇಲ್ಸ್‌ನಲ್ಲಿ 2018ರ ಜೂನ್‌ನಿಂದ ಮೂಲಬೆಲೆಯ ಶೇಕಡಾ 110ಕ್ಕಿಂತ ಹೆಚ್ಚಿಗೆ ಮಾರುವಂತಿಲ್ಲ. ಪಶ್ಚಿಮ ಆಸ್ಟ್ರೇಲಿಯಾ 2021ರಲ್ಲಿ ಇದೇ ಮಿತಿ ತಂದಿತು. ವಿಕ್ಟೋರಿಯಾದಲ್ಲಿ ಸರ್ಕಾರ ‘ಪ್ರಮುಖ’ ಎಂದು ಘೋಷಿಸಿದ ಪಂದ್ಯಗಳಿಗೆ ಮಿತಿ ಅನ್ವಯಿಸುತ್ತದೆ. ಬ್ರಿಸ್ಬೇನ್‌ನ ಗಾಬಾ ಇರುವ ಕ್ವೀನ್ಸ್‌ಲೆಂಡ್ ಇನ್ನೂ ಬಿಗಿ: ಮಿತಿ ಮೀರಿದ ಬೆಲೆಗೆ ಕೊಂಡವನೂ ಅಲ್ಲಿ ತಪ್ಪಿತಸ್ಥ. 100 ಡಾಲರಿನ ಟಿಕೆಟನ್ನು ವಾಟ್ಸ್ಆ್ಯಪ್ ಗುಂಪಿನಲ್ಲಿ 150ಕ್ಕೆ ಬಿಟ್ಟರೂ ಅದು ಕಾಳಸಂತೆಯೇ. ಗೆಳೆಯನೊಬ್ಬ ಬರಲಾಗದೆ ಸೀಟು ಉಳಿದರೆ ಅಧಿಕೃತ ಮಾರಾಟಗಾರರ ಮರುಮಾರಾಟ ವ್ಯವಸ್ಥೆಯಲ್ಲೇ ಹಾಕಿ.

ಕೊಳ್ಳುವವರಿಗೆ ಇನ್ನೊಂದು ಮಾತು. ಹುಡುಕಿದಾಗ ಮೊದಲಿಗೆ ಕಾಣುವ ತಾಣ ಅಧಿಕೃತವೇ ಆಗಿರಬೇಕೆಂದಿಲ್ಲ. ವಿಯಾಗೋಗೋ ಎಂಬ ಮರುಮಾರಾಟ ತಾಣ ತಾನೇ ಅಧಿಕೃತ ಎಂಬ ಭಾವನೆ ಹುಟ್ಟಿಸಿ ಗ್ರಾಹಕರನ್ನು ದಾರಿ ತಪ್ಪಿಸಿತೆಂದು ಅಲ್ಲಿನ ಫೆಡರಲ್ ಕೋರ್ಟ್ 2020ರಲ್ಲಿ 70 ಲಕ್ಷ ಡಾಲರ್ ದಂಡ ಹಾಕಿತು. ಕ್ರಿಕೆಟ್ ಆಸ್ಟ್ರೇಲಿಯಾ ಅಥವಾ ಪಂದ್ಯಾವಳಿಯ ತಾಣಕ್ಕೆ ಹೋಗಿ ಅಲ್ಲಿಂದಲೇ ಟಿಕೆಟ್ ಕೊಂಡಿ ಒತ್ತಿ. ಷರತ್ತು ಮುರಿದು ಮಾರಿದ ಟಿಕೆಟನ್ನು ಆಯೋಜಕರು ರದ್ದು ಮಾಡಬಹುದು, ಆಗ ಗೇಟಿನಲ್ಲಿ ನಿಂತು ಪೇಚಾಡುವವರು ನೀವು. ಟಿಕೆಟ್ ಸಿಕ್ಕ ಖುಷಿಗೆ ಬಾರ್‌ಕೋಡ್ ಕಾಣುವಂತೆ ಇನ್‌ಸ್ಟಾಗ್ರಾಂನಲ್ಲಿ ಹಾಕಬೇಡಿ. ಬಾರ್‌ಕೋಡ್ ಒಂದು ಸಲ ಸ್ಕ್ಯಾನ್ ಆದರೆ ಮುಗಿಯಿತು, ಅದನ್ನು ಯಾರು ನಕಲು ಮಾಡಿದರೆಂದು ಯಂತ್ರ ಕೇಳುವುದಿಲ್ಲ.

ಹಂತ 3: ಪೆಟ್ಟಿಗೆ ಕಟ್ಟುವಾಗ

ನಮ್ಮವರಿಗೆ ಅತಿ ಹೆಚ್ಚು ಪೆಟ್ಟು ಬೀಳುವುದು ಇಲ್ಲೇ, ಹಾಗಾಗಿ ಸ್ವಲ್ಪ ವಿವರವಾಗಿ.

ಆಸ್ಟ್ರೇಲಿಯಾ ದ್ವೀಪಖಂಡ. ಕಾಲುಬಾಯಿ ಜ್ವರದಂಥ ಜಾನುವಾರು ರೋಗ ಅಲ್ಲಿಲ್ಲ, ಭಾರತದಲ್ಲಿದೆ. ಹಾಲಿನ ಪದಾರ್ಥದಲ್ಲಿ ಈ ವೈರಾಣು ಉಳಿದುಕೊಳ್ಳಬಲ್ಲದು. ಅದೊಮ್ಮೆ ಒಳಹೊಕ್ಕರೆ ಅವರ ಪಶುಸಂಗೋಪನೆಗೆ ಭಾರೀ ನಷ್ಟ. ಅದಕ್ಕೇ ಪೇಡ, ಬರ್ಫಿ, ರಸಗುಲ್ಲಗಳಂಥ ಹಾಲಿನ ಸಿಹಿ ಅಲ್ಲಿ ನಿಷಿದ್ಧ. ನೆಂಟರಿಗೆಂದು ಧಾರವಾಡದ ಪೇಡ ಒಯ್ಯುವ ಆಸೆ ಬಿಡಿ. ಮಾಂಸ, ಹಸಿ ಕರಿಬೇವು, ಹಣ್ಣು, ತರಕಾರಿ, ಮೊಳಕೆಯೊಡೆಯುವ ಬೀಜ, ಹೂವು ಯಾವುದೂ ಬೇಡ. ಉಪ್ಪಿನಕಾಯಿ, ಚಟ್ನಿಪುಡಿ, ಮಸಾಲೆಪುಡಿ, ತುಪ್ಪ, ಮರದ ಗೊಂಬೆ, ಪೂಜಾ ಸಾಮಗ್ರಿ ಇದ್ದರೆ ಕಡ್ಡಾಯವಾಗಿ ಡಿಕ್ಲೇರ್ ಮಾಡಿ. ಮಣ್ಣು ಮೆತ್ತಿದ ಶೂ, ಕ್ರಿಕೆಟ್ ಸ್ಪೈಕ್ಸ್ ಕೂಡ ಇದೇ ಲೆಕ್ಕಕ್ಕೆ ಸೇರುತ್ತವೆ. ಮನೆಯಲ್ಲೇ ಉಜ್ಜಿ ತೊಳೆದು ಒಣಗಿಸಿ ಇಡಿ.

ಔಷಧಿ: ಸ್ವಂತ ಬಳಕೆಗೆ ಮೂರು ತಿಂಗಳ ಪ್ರಮಾಣದವರೆಗೆ ಒಯ್ಯಬಹುದು. ಮಾತ್ರೆಗಳು ಮೂಲ ಪ್ಯಾಕಿನಲ್ಲೇ ಇರಲಿ. ವೈದ್ಯರಿಂದ ಇಂಗ್ಲಿಷಿನಲ್ಲಿ ಪತ್ರ ಬರೆಸಿಕೊಳ್ಳಿ. ಅದರಲ್ಲಿ ಬ್ರ್ಯಾಂಡ್ ಹೆಸರಿನ ಜೊತೆಗೆ ಔಷಧಿಯ ಮೂಲ ಹೆಸರು, ದಿನದ ಪ್ರಮಾಣ, ನಿಮ್ಮ ಬಳಕೆಗೆಂದೇ ಕೊಟ್ಟದ್ದು ಎಂಬ ಮಾತು ಇರಬೇಕು. ಕೊಡೀನ್, ಟ್ರಾಮಡಾಲ್ ಇರುವ ನೋವಿನ ಮಾತ್ರೆ, ನಿದ್ರೆಮಾತ್ರೆ, ಎಡಿಎಚ್‌ಡಿ ಔಷಧಿಗಳಿಗೆ ಈ ಪತ್ರವಿಲ್ಲದೆ ಹೊರಡಲೇಬೇಡಿ. ಪಕ್ಕದ ಮನೆಯವರ ಮಗನಿಗೆಂದು ಕೊಟ್ಟ ಔಷಧಿ ನಿಮ್ಮದಾಗುವುದಿಲ್ಲ. ಆ ಉಪಕಾರ ಬೇಡ. ಚ್ಯವನಪ್ರಾಶ ಸೇರಿ ಆಯುರ್ವೇದದ ಲೇಹ್ಯ, ಗಿಡಮೂಲಿಕೆಗಳನ್ನೂ ಡಿಕ್ಲೇರ್ ಮಾಡಿ.

ಪೆಪ್ಪರ್ ಸ್ಪ್ರೇ ಆಮದು ನಿಷಿದ್ಧ, ಬಹುತೇಕ ರಾಜ್ಯಗಳಲ್ಲಿ ಅದು ಆಯುಧವೇ. ಊರಲ್ಲಿ ದಿನವೂ ಪರ್ಸಿನಲ್ಲಿ ಇಟ್ಟುಕೊಳ್ಳುವವರಿಗೆ ಅದು ಇರುವುದೇ ಮರೆತುಹೋಗಿರುತ್ತದೆ. ಪರ್ಸ್ ಪೂರ್ತಿ ಸುರಿದು ನೋಡಿ. ಒಂದು ಮಿಲಿವ್ಯಾಟ್‌ಗಿಂತ ಹೆಚ್ಚು ಶಕ್ತಿಯ ಕೈ ಲೇಸರ್ ಪಾಯಿಂಟರನ್ನು ಪರವಾನಗಿಯಿಲ್ಲದೆ ತರುವಂತಿಲ್ಲ. ಜಾತ್ರೆಯಲ್ಲಿ ಸಿಗುವ ಅಗ್ಗದ ಹಸಿರು ಲೇಸರ್‌ಗಳು ಅನೇಕ ವೇಳೆ ಈ ಮಿತಿ ಮೀರಿರುತ್ತವೆ.

ಸಿಗರೇಟು ಸುಂಕವಿಲ್ಲದೆ ಒಯ್ಯಬಹುದಾದದ್ದು 25ರ ಒಂದು ಸೀಲಾದ ಪ್ಯಾಕ್, ಜೊತೆಗೆ ಬಿಚ್ಚಿದ ಒಂದು ಪ್ಯಾಕ್, ಅಷ್ಟೇ. ಡ್ಯೂಟಿ ಫ್ರೀಯಲ್ಲಿ ಇಡೀ ಕಾರ್ಟನ್ ಕೊಂಡವರು ಪೂರ್ತಿಗೆ ಸುಂಕ ಕಟ್ಟಬೇಕಾಗುತ್ತದೆ, ಅಲ್ಲಿನ ತಂಬಾಕು ಸುಂಕ ಜಗತ್ತಿನಲ್ಲೇ ದುಬಾರಿ. ಮದ್ಯ 18 ದಾಟಿದ ಒಬ್ಬರಿಗೆ 2.25 ಲೀಟರ್. ವೇಪ್ (ಇ-ಸಿಗರೇಟು) ಆದರೆ ಸ್ವಂತಕ್ಕೆ ಎರಡು ಸಾಧನ, 20 ಪಾಡ್ ಅಥವಾ ಬಿಡಿಭಾಗ, 200 ಮಿಲಿಲೀಟರ್ ದ್ರವ. 2024ರ ಜುಲೈನಿಂದ ಅಲ್ಲಿ ವೇಪ್ ಮಾರಾಟ ಔಷಧಿ ಅಂಗಡಿಗೆ ಮಾತ್ರ ಸೀಮಿತ.

ಹಂತ 4: ವಿಮಾನ ಇಳಿದಾಗ

ಪ್ರಯಾಣಿಕರ ಘೋಷಣಾ ಪತ್ರದಲ್ಲಿ ಅನುಮಾನವಿದ್ದ ಪ್ರಶ್ನೆಗೆಲ್ಲ ‘ಹೌದು’ ಎಂದೇ ಗುರುತು ಹಾಕಿ. ಡಿಕ್ಲೇರ್ ಮಾಡಿದ ವಸ್ತು ನಿಷಿದ್ಧವೇ ಆಗಿದ್ದರೂ ದಂಡವಿಲ್ಲ. ನೋಡುತ್ತಾರೆ, ಸರಿಯಿದ್ದರೆ ವಾಪಸ್ ಕೊಡುತ್ತಾರೆ, ಇಲ್ಲದಿದ್ದರೆ ತೆಗೆದುಕೊಳ್ಳುತ್ತಾರೆ. ಹೇಳದೆ ಹೋಗಿ ಎಕ್ಸ್-ರೇಯಲ್ಲಿ ಅಥವಾ ನಾಯಿಯ ಮೂಗಿಗೆ ಸಿಕ್ಕಿಬಿದ್ದರೆ ಸ್ಥಳದಲ್ಲೇ ಬೀಳುವ ದಂಡ 6,000 ಡಾಲರ್ ದಾಟಬಹುದು. 2019ರಿಂದ ಇದೇ ಕಾರಣಕ್ಕೆ ಪ್ರವಾಸಿ ವೀಸಾ ರದ್ದು ಮಾಡುವ ಅಧಿಕಾರವೂ ಬಂದಿದೆ. ಆ ವರ್ಷದ ಅಕ್ಟೋಬರ್‌ನಲ್ಲಿ ಹಸಿ ಹಂದಿಮಾಂಸ ಮುಂತಾದ ಪದಾರ್ಥಗಳನ್ನು ಘೋಷಿಸದ ವಿಯೆಟ್ನಾಂ ಮಹಿಳೆಯೊಬ್ಬರನ್ನು ಸಿಡ್ನಿಯಿಂದ ವಾಪಸ್ ಕಳಿಸಿದರು. ಸಾಲಿಗೆ ಸೇರುವ ಮುಂಚೆ ದೊಡ್ಡ ಕಸದ ಡಬ್ಬಿಗಳಿರುತ್ತವೆ. ವಿಮಾನದಲ್ಲಿ ಕೊಟ್ಟ ಸೇಬು, ಮೊಸರು ಅಲ್ಲೇ ಹಾಕಿ.

10,000 ಆಸ್ಟ್ರೇಲಿಯನ್ ಡಾಲರ್ ಅಥವಾ ಅದಕ್ಕೆ ಸಮನಾದ ಯಾವ ದೇಶದ ನಗದೇ ಆಗಲಿ, ಘೋಷಿಸಬೇಕು. ತರುವುದು ಅಪರಾಧವಲ್ಲ, ಹೇಳದಿರುವುದು ಅಪರಾಧ.

ಈ ತಪಾಸಣೆ ಅಲ್ಲಿಗೇ ಮುಗಿಯಿತೆಂದು ತಿಳಿಯಬೇಡಿ. ಅಡಿಲೇಡ್, ಪರ್ತ್‌ಗಳಿಗೆ ಬೇರೆ ರಾಜ್ಯದಿಂದ ಹೋಗುವಾಗ ದೇಶದೊಳಗಿನ ವಿಮಾನವಾದರೂ ಹಣ್ಣು ತರಕಾರಿ ಒಯ್ಯುವಂತಿಲ್ಲ. ಹಣ್ಣಿನ ನೊಣ ತಡೆಯಲು ದಕ್ಷಿಣ ಆಸ್ಟ್ರೇಲಿಯಾ ಬಹಳ ಕಟ್ಟುನಿಟ್ಟು. ಪಶ್ಚಿಮ ಆಸ್ಟ್ರೇಲಿಯಾ ಜೇನುತುಪ್ಪವನ್ನೂ ಬಿಡುವುದಿಲ್ಲ. ಮೆಲ್ಬರ್ನ್‌ನ ಸೂಪರ್ ಮಾರ್ಕೆಟ್ಟಿನಲ್ಲಿ ಕೊಂಡ ಬಾಳೆಹಣ್ಣಿಗೂ ಅಡಿಲೇಡ್‌ನಲ್ಲಿ ದಂಡ ಬೀಳಬಹುದು.

ಹಂತ 5: ಊರೊಳಗೆ ಓಡಾಡುವಾಗ

ರಸ್ತೆಯ ಎಡಬದಿ ನಮ್ಮಂತೆಯೇ, ಆದರೆ ಶಿಸ್ತು ಬೇರೆ. ಪಾದಚಾರಿ ದಾಟುವ ಗುರುತು 20 ಮೀಟರ್ ಒಳಗಿದ್ದರೆ ಅಲ್ಲೇ ದಾಟಬೇಕು. ಕೆಂಪು ಮನುಷ್ಯನ ದೀಪವಿದ್ದಾಗ ಖಾಲಿ ರಸ್ತೆಯಾದರೂ ಇಳಿಯಬಾರದು. ಪಂದ್ಯ ಬಿಟ್ಟಾಗ ಜನ ನುಗ್ಗುವ ಕಡೆ ಪೊಲೀಸರು ಇದನ್ನೇ ನೋಡುತ್ತ ನಿಂತಿರುತ್ತಾರೆ.

ಕಾರು ಬಾಡಿಗೆಗೆ ಪಡೆಯುವವರಿಗೆ ನಮ್ಮ ಇಂಗ್ಲಿಷ್ ಲೈಸೆನ್ಸ್ ಸಾಕು, ಕೆಲವು ಕಂಪನಿಗಳು ಅಂತರರಾಷ್ಟ್ರೀಯ ಪರ್ಮಿಟ್ ಕೇಳುತ್ತವೆ. ರಕ್ತದಲ್ಲಿ ಮದ್ಯದ ಮಿತಿ 0.05, ಯಾವ ಅನುಮಾನವಿಲ್ಲದೆಯೂ ನಿಲ್ಲಿಸಿ ಊದಿಸುತ್ತಾರೆ. ಕೈಯಲ್ಲಿ ಫೋನ್ ಹಿಡಿದರೆ ಸಾಕು, ರಸ್ತೆ ಮೇಲಿನ ಕ್ಯಾಮೆರಾ ಗಾಜಿನ ಮೂಲಕವೇ ಫೋಟೊ ತೆಗೆಯುತ್ತದೆ. ಹಿಂದಿನ ಸೀಟಿನವರಿಗೂ ಬೆಲ್ಟ್ ಕಡ್ಡಾಯ, ಏಳು ವರ್ಷದೊಳಗಿನ ಮಕ್ಕಳಿಗೆ ಅವರ ವಯಸ್ಸಿಗೆ ತಕ್ಕ ಸೀಟು. ಶಾಲೆಯ ವಲಯದಲ್ಲಿ ವೇಗ ಗಂಟೆಗೆ 40 ಕಿಲೋಮೀಟರ್, ದಕ್ಷಿಣ ಆಸ್ಟ್ರೇಲಿಯಾದಲ್ಲಿ ಮಕ್ಕಳು ಇದ್ದರೆ 25. ಮೆಲ್ಬರ್ನ್‌ನಲ್ಲಿ ಬಾಗಿಲು ತೆರೆದು ನಿಂತ ಟ್ರಾಮನ್ನು ಹಿಂದಿಕ್ಕಬಾರದು, ಹಿಂದೆಯೇ ನಿಲ್ಲಬೇಕು. ನಗರದ ಕೆಲವು ವೃತ್ತಗಳಲ್ಲಿ ಬಲಕ್ಕೆ ತಿರುಗಲು ಎಡಗಡೆ ಸರಿದು ಕಾಯುವ ‘ಹುಕ್ ಟರ್ನ್’ ಇದೆ. ಹೊಸಬರು ನಗರದ ನಡುವೆ ಕಾರೇ ಓಡಿಸದಿರುವುದು ಲೇಸು. ದಂಡದ ಚೀಟಿ ಬಾಡಿಗೆ ಕಂಪನಿಗೆ ಹೋಗಿ, ಅಲ್ಲಿಂದ ಅವರ ಶುಲ್ಕವನ್ನೂ ಸೇರಿಸಿಕೊಂಡು ನಿಮ್ಮ ಕಾರ್ಡಿಗೆ ಬರುತ್ತದೆ. ಸೈಕಲ್ಲಿಗೂ ಹೆಲ್ಮೆಟ್ ಕಡ್ಡಾಯ.

ಕುಡಿಯುವ ವಯಸ್ಸು 18. ಬೀದಿಯಲ್ಲಿ, ಪಾರ್ಕಿನಲ್ಲಿ ಕುಡಿಯಬಹುದೇ ಎನ್ನುವುದು ಆಯಾ ಕೌನ್ಸಿಲಿನ ಫಲಕ ನೋಡಿ ತಿಳಿಯಬೇಕು. ನ್ಯೂ ಸೌತ್ ವೇಲ್ಸ್‌ನಲ್ಲಿ ಸಾರ್ವಜನಿಕ ಕಟ್ಟಡದ ಬಾಗಿಲಿನಿಂದ 4 ಮೀಟರ್ ಒಳಗೆ ಸಿಗರೇಟು ಸೇದುವಂತಿಲ್ಲ, ವೇಪ್‌ಗೂ ಇದೇ ನಿಯಮ. ಟೆಸ್ಟ್ ಸರಣಿ ನಡೆಯುವುದು ಅವರ ಬೇಸಿಗೆಯಲ್ಲಿ, ಕಾಳ್ಗಿಚ್ಚಿನ ಕಾಲ. ಹೊತ್ತಿದ ತುಂಡನ್ನು ಕಾರಿನಿಂದ ಎಸೆದರೆ ದಂಡ ಸಾಮಾನ್ಯ ಕಸದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು.

ಹಂತ 6: ಗೇಟಿನ ಒಳಗೆ

ಗಾಜಿನ ಬಾಟಲಿ, ಕ್ಯಾನ್, ಹೊರಗಿನ ಮದ್ಯ, ಚಾಕು, ಪಟಾಕಿ ಒಳಗೆ ಬಿಡುವುದಿಲ್ಲ. ಹೊಗೆ ಉಗುಳುವ ಫ್ಲೇರ್ ಇಟ್ಟುಕೊಂಡಿದ್ದರೇ ಅದು ಪೊಲೀಸ್ ಕೇಸು, ಹಚ್ಚಬೇಕೆಂದಿಲ್ಲ. ದೊಡ್ಡ ಧ್ವಜ, ಉದ್ದನೆಯ ಕೋಲು, ಡೋಲು, ತುತ್ತೂರಿಗಳಿಗೆ ಕ್ರೀಡಾಂಗಣದಿಂದ ಮುಂಚೆಯೇ ಅನುಮತಿ ಪಡೆದಿರಬೇಕು. ಡೋಲು ಹಿಡಿದು ಗೇಟಿಗೆ ಬಂದು ವಾದ ಮಾಡಿದರೆ ಪ್ರಯೋಜನವಿಲ್ಲ. ಅನುಮತಿಯ ಇಮೇಲ್ ತೋರಿಸಿ.

ಮೈದಾನಕ್ಕೆ ನುಗ್ಗುವುದು ಅಲ್ಲಿ ತಮಾಷೆಯಲ್ಲ. 2024ರ ಬಾಕ್ಸಿಂಗ್ ಡೇ ಟೆಸ್ಟಿನಲ್ಲಿ ಒಬ್ಬ ಓಡಿಹೋಗಿ ವಿರಾಟ್ ಕೊಹ್ಲಿಯ ಹೆಗಲ ಮೇಲೆ ಕೈಹಾಕಿದ್ದನ್ನು ಎಲ್ಲರೂ ನೋಡಿದ್ದಾರೆ. ಅಂಥವರಿಗೆ ಬೀಳುವುದು ಸಾವಿರಾರು ಡಾಲರಿನ ದಂಡ, ಜೊತೆಗೆ ನಿಷೇಧ. ವಿಕ್ಟೋರಿಯಾದಲ್ಲಿ ಇದಕ್ಕೆಂದೇ 2009ರ ಪ್ರಮುಖ ಕ್ರೀಡಾಕೂಟಗಳ ಕಾಯ್ದೆಯಿದೆ. ಬೌಂಡರಿ ಹಗ್ಗದಾಚೆ ಬಿದ್ದ ಮಗುವಿನ ಟೋಪಿ ತರಲೂ ನೀವಾಗಿ ಇಳಿಯಬೇಡಿ, ಸಿಬ್ಬಂದಿಗೆ ಹೇಳಿ. ಹೊರಗೆ ಕಳಿಸಿದ ಮೇಲೆ ಇನ್ನೊಂದು ಗೇಟಿನಿಂದ ಮತ್ತೆ ನುಸುಳುವುದು ಪ್ರತ್ಯೇಕ ಅಪರಾಧ.

ಬೆಟ್ಟಿಂಗ್ ವಿಷಯ ಎಚ್ಚರಿಕೆಯಿಂದ ಓದಿ. ಟಿವಿಯಲ್ಲಿ ಚೆಂಡು ಕಾಣುವುದು ಕೆಲವು ಸೆಕೆಂಡ್ ತಡವಾಗಿ. ಆ ಅಂತರವನ್ನು ಬಳಸಿಕೊಳ್ಳಲು ಸ್ಟ್ಯಾಂಡಿನಲ್ಲಿ ಕೂತು ಫೋನಿನಲ್ಲಿ ಚೆಂಡು ಚೆಂಡಿನ ವಿವರವನ್ನು ಹೊರಗಿನ ಬಾಜಿದಾರರಿಗೆ ಮುಟ್ಟಿಸುವವರಿದ್ದಾರೆ. ಇದನ್ನು ಪಿಚ್‌ಸೈಡಿಂಗ್ ಎನ್ನುತ್ತಾರೆ. ಟಿಕೆಟ್ ಷರತ್ತಿನ ಪ್ರಕಾರ ತಕ್ಷಣ ಹೊರದಬ್ಬಿಸಿಕೊಳ್ಳುವ ತಪ್ಪು. ಪಂದ್ಯದ ಫಲಿತಾಂಶವನ್ನು ಕೆಡಿಸುವ ಕೃತ್ಯಗಳಿಗೆ ನ್ಯೂ ಸೌತ್ ವೇಲ್ಸ್ 2012ರಲ್ಲಿ, ವಿಕ್ಟೋರಿಯಾ 2013ರಲ್ಲಿ ಹತ್ತು ವರ್ಷದವರೆಗಿನ ಜೈಲು ಶಿಕ್ಷೆಯ ಕಾನೂನು ತಂದಿವೆ. ಸುಮ್ಮನೆ ಕೂತು ಪ್ರತಿ ಎಸೆತಕ್ಕೂ ಫೋನಿನಲ್ಲಿ ಗುಸುಗುಟ್ಟುತ್ತಿದ್ದರೆ ಭದ್ರತಾ ಸಿಬ್ಬಂದಿ ಬಂದು ಕೇಳಬಹುದು. ಊರಿನ ಗೆಳೆಯರಿಗೆ ಸ್ಕೋರ್ ಹೇಳುತ್ತಿದ್ದೆ ಎಂದರೆ ಫೋನ್ ತೋರಿಸಿ ಮುಗಿಸಬಹುದು. ಅಪರಿಚಿತ ಯಾರೋ ಹಣ ಕೊಡುತ್ತೇನೆಂದು ಈ ಕೆಲಸ ಹೇಳಿದರೆ ಒಪ್ಪಲೇಬೇಡಿ.

ಜನಾಂಗೀಯ ನಿಂದನೆಗೆ ಗುರಿಯಾದರೆ ಸಹಿಸಿಕೊಂಡು ಕೂರಬೇಕಿಲ್ಲ. 2021ರ ಜನವರಿಯ ಸಿಡ್ನಿ ಟೆಸ್ಟಿನಲ್ಲಿ ಮೊಹಮ್ಮದ್ ಸಿರಾಜ್ ದೂರು ಕೊಟ್ಟಾಗ ಆಟ ನಿಂತಿತು, ಆರು ಪ್ರೇಕ್ಷಕರನ್ನು ಹೊರಗೆ ಕಳಿಸಿದರು. ದೊಡ್ಡ ಪರದೆಯ ಮೇಲೆ ದೂರಿನ ಎಸ್‌ಎಂಎಸ್ ಸಂಖ್ಯೆ ಬರುತ್ತದೆ; ಬೇ, ಸಾಲು, ಸೀಟಿನ ಸಂಖ್ಯೆ ಸಮೇತ ಕಳಿಸಿ. ನಾವು ಕನ್ನಡದಲ್ಲೋ ಹಿಂದಿಯಲ್ಲೋ ಬೈದರೆ ಯಾರಿಗೂ ತಿಳಿಯದು ಎಂಬ ಧೈರ್ಯವೂ ಬೇಡ, ಪಕ್ಕದ ಸೀಟಿನವರಿಗೆ ತಿಳಿಯುತ್ತದೆ.

ಸ್ವಸ್ತಿಕದ ಬಗ್ಗೆ ಹಲವರಿಗೆ ಅಂಜಿಕೆಯಿದೆ. 2022ರಲ್ಲಿ ನ್ಯೂ ಸೌತ್ ವೇಲ್ಸ್ ಮತ್ತು ವಿಕ್ಟೋರಿಯಾ ನಾಜಿ ಚಿಹ್ನೆಗಳ ಪ್ರದರ್ಶನವನ್ನು ಅಪರಾಧ ಮಾಡಿದವು, 2024ರ ಜನವರಿಯಿಂದ ಒಕ್ಕೂಟದ ಕಾನೂನೂ ಇದೆ. ಹಿಂದೂ, ಬೌದ್ಧ, ಜೈನರ ಧಾರ್ಮಿಕ ಬಳಕೆಗೆ ಈ ಕಾನೂನುಗಳಲ್ಲೇ ವಿನಾಯಿತಿ ಬರೆದಿದೆ. ಕೊರಳ ಪದಕ, ಪೂಜಾ ತಟ್ಟೆಯ ಮೇಲಿನ ಸ್ವಸ್ತಿಕಕ್ಕೆ ತೊಂದರೆಯಿಲ್ಲ. ಆದರೆ ಪಂದ್ಯದ ಬ್ಯಾನರ್ ಮೇಲೆ ಬರೆಯುವುದು ಧಾರ್ಮಿಕ ಸಂದರ್ಭವೆಂದು ವಿವರಿಸುವುದು ಕಷ್ಟ, ಬಿಡುವುದೇ ಒಳ್ಳೆಯದು.

ಡ್ರೋನ್ ಊರಿನಲ್ಲೇ ಇರಲಿ. ಜನರಿಂದ 30 ಮೀಟರ್ ದೂರ, 120 ಮೀಟರ್ ಎತ್ತರದ ಮಿತಿ, ಗುಂಪಿನ ಮೇಲೆ ಹಾರಿಸಬಾರದೆಂಬ ನಿಯಮ ಸೇರಿದರೆ ಕ್ರೀಡಾಂಗಣದ ಸುತ್ತ ಹಾರಿಸಲು ಜಾಗವೇ ಉಳಿಯುವುದಿಲ್ಲ.

ಹಂತ 7: ಪೊಲೀಸರು ನಿಲ್ಲಿಸಿದರೆ

ಕೈ ಕಾಣುವಂತಿರಲಿ, ದನಿ ಏರದಿರಲಿ. ಹೆಸರು, ವಿಳಾಸ ಕೇಳಿದರೆ ಸರಿಯಾಗಿ ಹೇಳಿ. ಸುಳ್ಳು ಹೆಸರು ಇನ್ನೊಂದು ಕೇಸಾಗುತ್ತದೆ. ಅದರಾಚೆಯ ಪ್ರಶ್ನೆಗಳಿಗೆ ವಕೀಲರ ಜೊತೆ ಮಾತಾಡುವವರೆಗೆ ಸುಮ್ಮನಿರುವ ಹಕ್ಕು ನಿಮಗಿದೆ. ದಂಡವನ್ನು ಅವರು ನಗದಾಗಿ ಪಡೆಯುವುದಿಲ್ಲ, ಚೀಟಿ ಬರೆದುಕೊಡುತ್ತಾರೆ, ಆನ್‌ಲೈನಿನಲ್ಲಿ ಕಟ್ಟಬೇಕು. ನೋಟು ಚಾಚಿ ‘ಇಲ್ಲೇ ಮುಗಿಸೋಣ’ ಎಂದರೆ ಅದು ಲಂಚದ ಅಪರಾಧ, ಮೂಲ ತಪ್ಪಿಗಿಂತ ಎಷ್ಟೋ ದೊಡ್ಡದು.

ಬಂಧಿಸಿದರೆ ಮೂರು ಮಾತು ಸ್ಪಷ್ಟವಾಗಿ ಹೇಳಿ: ವಕೀಲರು ಬೇಕು, ದುಭಾಷಿ ಬೇಕು, ಭಾರತದ ಕಾನ್ಸುಲೇಟಿಗೆ ತಿಳಿಸಿ. ಮೂರನೆಯದು 1963ರ ವಿಯೆನ್ನಾ ಒಪ್ಪಂದದ 36ನೇ ವಿಧಿ ಕೊಟ್ಟ ಹಕ್ಕು, ಆದರೆ ನೀವು ಕೇಳಬೇಕು. ಹೈಕಮಿಷನ್ ಕ್ಯಾನ್‌ಬೆರಾದಲ್ಲಿದೆ, ಸಿಡ್ನಿ, ಮೆಲ್ಬರ್ನ್, ಪರ್ತ್, ಬ್ರಿಸ್ಬೇನ್‌ಗಳಲ್ಲಿ ಕಾನ್ಸುಲೇಟ್‌ಗಳಿವೆ. ತುರ್ತು ಕರೆಗೆ 000, ಮೊಬೈಲಿನಿಂದ 112 ಒತ್ತಿದರೂ ಅಲ್ಲಿಗೇ ಹೋಗುತ್ತದೆ. ತುರ್ತಲ್ಲದ ಪೊಲೀಸ್ ಸಹಾಯಕ್ಕೆ 131 444, ಸರ್ಕಾರಿ ದುಭಾಷಿ ಸೇವೆಗೆ 131 450. ಈ ಸಂಖ್ಯೆಗಳನ್ನು, ಪಾಸ್‌ಪೋರ್ಟ್ ಮತ್ತು ವೀಸಾ ಸಂಖ್ಯೆಯನ್ನು ಒಂದು ಕಾಗದದಲ್ಲಿ ಬರೆದು ಜೇಬಿನಲ್ಲಿಡಿ. ಠಾಣೆಯಲ್ಲಿ ಫೋನನ್ನು ಮೊದಲೇ ತೆಗೆದಿಟ್ಟುಕೊಳ್ಳುತ್ತಾರೆ.